ವಿಕಿರಣ ಬೆರೆತ ಕಡಲಿನಲ್ಲಿ ಹಡಗು: ಬಿಕಿನಿಯ ಅನುಭವ ಕಲಿಸಿದ್ದು

ವಿಕಿರಣ ಬೆರೆತ ನೀರಿನಲ್ಲಿ ಕೆಲಸ ಮಾಡುವ ಹಡಗಿನಲ್ಲಿ ಎರಡು ಅಳತೆಗಳು ಬೇಕು. ನಾವಿಕನ ಮೈಗೆ ಹೊರಗಿನಿಂದ ತಾಗುವ ವಿಕಿರಣ ಒಂದು. ಉಸಿರು, ಊಟ, ಕುಡಿಯುವ ನೀರಿನ ಮೂಲಕ ಒಳಗೆ ಸೇರುವ ವಿಕಿರಣಶೀಲ ವಸ್ತು ಇನ್ನೊಂದು. ಒಂದನ್ನು ಅಳೆದು ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು 1946ರಲ್ಲಿ ಮಾರ್ಷಲ್ ದ್ವೀಪಗಳ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಅಣುಬಾಂಬ್ ಪರೀಕ್ಷೆ 'ಆಪರೇಷನ್ ಕ್ರಾಸ್‌ರೋಡ್ಸ್' ತೋರಿಸಿಕೊಟ್ಟಿತು.

ಜುಲೈ 1ರ 'ಏಬಲ್' ಸ್ಫೋಟ ಗಾಳಿಯಲ್ಲಿ ನಡೆಯಿತು. ಅದರ ವಿಕಿರಣಶೀಲ ಕಣಗಳಲ್ಲಿ ಹೆಚ್ಚಿನವು ಆಕಾಶಕ್ಕೇರಿ ಚದುರಿಹೋದವು. ಜುಲೈ 25ರ 'ಬೇಕರ್' ನಡೆದದ್ದು ನೀರಿನ ಮೇಲ್ಮೈಯಿಂದ ಸುಮಾರು 27 ಮೀಟರ್ ಆಳದಲ್ಲಿ. ಮೇಲೆದ್ದ ನೀರು ಕಣಗಳ ಸಮೇತ ಹವಳದ್ವೀಪದ ನಡುವಿನ ಲಗೂನಿಗೇ ಮರಳಿ, ಪರೀಕ್ಷೆಗೆಂದು ನಿಲ್ಲಿಸಿದ್ದ ಹಡಗುಗಳನ್ನು ತೋಯಿಸಿತು. ನೀರು ಹಾಯಿಸಿದರೂ, ಸಾಬೂನು, ಕ್ಷಾರ ಹಾಕಿ ಉಜ್ಜಿದರೂ ಬಣ್ಣ, ತುಕ್ಕು, ಮರದ ಡೆಕ್‌ಗಳಿಗೆ ಹಿಡಿದದ್ದು ಪೂರ್ತಿ ಹೋಗಲಿಲ್ಲ.

ವಿಕಿರಣ ಸುರಕ್ಷತೆಯ ಹೊಣೆ ವೈದ್ಯ ಸ್ಟ್ಯಾಫರ್ಡ್ ವಾರೆನ್ ಅವರದು. ದಿನಕ್ಕೆ 0.1 ರಾಂಟ್ಜನ್ ಮಿತಿಯೆಂದು ಗೊತ್ತುಮಾಡಲಾಗಿತ್ತು. ಸುಮಾರು 42,000 ಮಂದಿ ಇದ್ದ ಕಾರ್ಯಾಚರಣೆಯಲ್ಲಿ ಫಿಲ್ಮ್ ಬ್ಯಾಡ್ಜ್ ಸಿಕ್ಕಿದ್ದು ಸುಮಾರು ಶೇಕಡಾ 15 ಜನರಿಗೆ, ಹೆಚ್ಚು ಅಪಾಯವಿದೆ ಎಂದು ಎಣಿಸಿದವರಿಗೆ ಮಾತ್ರ. ಆ ಬ್ಯಾಡ್ಜ್ ಹೊರಗಿನ ಡೋಸನ್ನಷ್ಟೇ ದಾಖಲಿಸುತ್ತದೆ, ಅದೂ ಫಿಲ್ಮನ್ನು ಸಂಸ್ಕರಿಸಿದ ಮೇಲಷ್ಟೇ ಗೊತ್ತಾಗುತ್ತದೆ. ಬೀಟಾ, ಗ್ಯಾಮಾ ಹಿಡಿಯುತ್ತಿದ್ದ ಗೈಗರ್ ಕೌಂಟರ್‌ಗಳಿಗೆ ಪ್ಲುಟೋನಿಯಂ ಸೂಸುವ ಆಲ್ಫಾ ಕಣ ಸಿಗುತ್ತಿರಲಿಲ್ಲ.

ಸ್ಫೋಟದಿಂದ ದೂರವಿದ್ದ ನೆರವಿನ ಹಡಗುಗಳಿಗೂ ವಿಕಿರಣ ಮಾಲಿನ್ಯ ತಗುಲಿತು. ಅವು ಲಗೂನಿನ ನೀರನ್ನೇ ಕೊಳವೆಗಳಿಗೆ ಎಳೆದುಕೊಳ್ಳುತ್ತಿದ್ದವು. ಉಪ್ಪುನೀರು ಕಾಯಿಸಿ ಸಿಹಿನೀರು ಮಾಡುವ ಯಂತ್ರದೊಳಗೆ ಕಟ್ಟುವ ಗಟ್ಟಿ ಪದರದಲ್ಲಿ ವಿಕಿರಣಶೀಲ ವಸ್ತು ಶೇಖರವಾಯಿತು. ಹಡಗಿನ ಹೊರಮೈಗೆ ಅಂಟಿದ್ದ ಪಾಚಿ, ಚಿಪ್ಪುಜೀವಿಗಳೂ ಅದನ್ನು ಹೀರಿಕೊಂಡವು. ಗಂಟೆಯ ಲೆಕ್ಕದಲ್ಲಿ ಅಳತೆ ಸಣ್ಣದಿದ್ದರೂ, ಆ ಹೊರಮೈಯ ಒಳಗೋಡೆಗೆ ತಾಗಿದ ಬಂಕಿನಲ್ಲಿ ರಾತ್ರಿಯಿಡೀ ಮಲಗುವವನ ಡೋಸ್ ಕೂಡುತ್ತಲೇ ಹೋಗುತ್ತದೆ.

ಲಗೂನಿನಲ್ಲಿ ಹಿಡಿದ ಮೀನೊಂದನ್ನು ಛಾಯಾಫಲಕದ ಮೇಲಿಟ್ಟಾಗ ಅದರ ಮೈಯೊಳಗಿನ ವಿಕಿರಣವೇ ಮೀನಿನ ಚಿತ್ರವನ್ನು ಮೂಡಿಸಿತು. ವಾರೆನ್ ಅದನ್ನು ಅಧಿಕಾರಿಗಳಿಗೆ ತೋರಿಸಿದರು. ಹಡಗುಗಳಲ್ಲಿ ಪ್ಲುಟೋನಿಯಂ ಇರುವುದಕ್ಕೂ ಪುರಾವೆ ಸಿಕ್ಕಿತ್ತು. ಆಗಸ್ಟ್ 10ರಂದು ತೊಳೆಯುವ ಕೆಲಸ ನಿಂತಿತು.

ಈ ಅನುಭವದಿಂದ ಹೊರಡುವ ನಿಯಮಗಳು ಸ್ಪಷ್ಟ. ಬ್ಯಾಡ್ಜ್ ಅಡುಗೆಯವನಿಂದ ಎಂಜಿನ್ ಕೋಣೆಯವನವರೆಗೆ ಎಲ್ಲರಿಗೂ ಬೇಕು. ಯಾರಿಗೆ ಅಪಾಯ ಎಂಬುದು ಮೊದಲೇ ತಿಳಿದಿರುವುದಿಲ್ಲ. ಗ್ಯಾಮಾ, ಬೀಟಾ, ಆಲ್ಫಾ ಮೂರನ್ನೂ ತಕ್ಕ ಉಪಕರಣಗಳಿಂದ ಅಳೆಯಬೇಕು. ಡೆಕ್ ಜೊತೆಗೆ ಬಂಕು, ಕೊಳವೆ, ನೀರಿನ ಯಂತ್ರಗಳನ್ನೂ ಪದೇಪದೇ ಪರೀಕ್ಷಿಸಬೇಕು. ಕುಡಿಯುವ ನೀರು, ಆಹಾರದ ಮಾದರಿ ತೆಗೆಯಬೇಕು. ಒಳಗೆ ಸೇರಿದ್ದನ್ನು ತಿಳಿಯಲು ಮೂತ್ರಪರೀಕ್ಷೆ ಮಾಡಬೇಕು. ಯಾರು, ಎಲ್ಲಿ, ಎಷ್ಟು ಹೊತ್ತು ಇದ್ದರೆಂಬ ದಾಖಲೆ ದಶಕಗಳ ಕಾಲ ಉಳಿಯಬೇಕು, ಏಕೆಂದರೆ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಅಷ್ಟು ತಡವಾಗಿ. ಹಡಗು ಆ ನೀರನ್ನು ಬಿಟ್ಟು ಬಂದ ಮೇಲೂ ಹೊರಮೈ ಕೆರೆದು, ನೀರಿನ ಯಂತ್ರದೊಳಗಿನ ಗಟ್ಟಿ ಪದರವನ್ನು ಆಮ್ಲದಿಂದ ತೆಗೆದು, ಮತ್ತೆ ಅಳೆದ ನಂತರವೇ ಅದನ್ನು ಸುರಕ್ಷಿತ ಎನ್ನಬಹುದು.