ಊರಲ್ಲಿ ಟಿಲ್ಲರ್, ದೋಹಾದಲ್ಲಿ ಲೆಕ್ಕ

ಕತಾರಿನಲ್ಲಿ ದುಡಿಯುವವರಿಗೆ ಊರಿನ ಯಾವ ಖರ್ಚೂ ದೊಡ್ಡದೆನಿಸುವುದಿಲ್ಲ. ಎಪ್ಪತ್ತೈದು ಸಾವಿರ ರೂಪಾಯಿಯ ಬಿಲ್ ಬಂದರೆ ಮನಸ್ಸು ತಾನಾಗಿ ಇಪ್ಪತ್ಮೂರರಿಂದ ಭಾಗಿಸುತ್ತದೆ. ಮೂರು ಸಾವಿರದ ಚಿಲ್ಲರೆ ರಿಯಾಲ್, ಅಷ್ಟೇ ತಾನೇ ಅನಿಸುತ್ತದೆ. 2005ರ ಸುಮಾರಿಗೆ ರಿಯಾಲಿಗೆ ಹನ್ನೆರಡು ರೂಪಾಯಿ ಸಿಗುತ್ತಿತ್ತು. 2020ರ ಹೊತ್ತಿಗೆ ಇಪ್ಪತ್ತಾಯಿತು, ಆಮೇಲೂ ಏರಿದೆ, ಇಪ್ಪತ್ಮೂರು ಎಂಬುದು ನನ್ನ ಸ್ಥೂಲ ಲೆಕ್ಕ. ಡಾಲರಿಗೆ 3.64 ರಿಯಾಲ್ ಎಂದು ದರ ಕಟ್ಟಿಹಾಕಿರುವುದರಿಂದ ಡಾಲರಿನೆದುರು ರೂಪಾಯಿ ಇಳಿದಷ್ಟೂ ನಮ್ಮ ಕೈಗೆ ಹೆಚ್ಚು ರೂಪಾಯಿ. ಮನೆ ಕಟ್ಟುವಾಗ, ತಂಗಿಯ ಮದುವೆಗೆ ಕಳಿಸುವಾಗ ಈ ಭಾಗಾಕಾರದಿಂದ ಅಂಥ ತೊಂದರೆಯೇನಿಲ್ಲ, ಆ ಖರ್ಚಿಗೆ ಒಂದು ಕೊನೆಯಿದೆ. ಹವ್ಯಾಸದ ಖರ್ಚಿಗೆ ಕೊನೆಯಿಲ್ಲ. ನನ್ನ ಹವ್ಯಾಸ ತೋಟದ ಹಳೆಯ ಯಂತ್ರಗಳದ್ದು, ಹಾಗಾಗಿ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು.

ಇದು ನನ್ನೊಬ್ಬಳ ಹುಚ್ಚಲ್ಲ. ಇಲ್ಲಿನ ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ ಮಾತು ಹೇಗೋ ಊರಿನ ಕೊಟ್ಟಿಗೆಯಲ್ಲಿ ನಿಂತಿರುವ ಗಾಡಿಗೆ ಬಂದು ನಿಲ್ಲುತ್ತದೆ. ಒಬ್ಬರು ಅಜ್ಜನ ಯೆಜ್ಡಿಯನ್ನು ಎಬ್ಬಿಸುತ್ತಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರೂ ಆ ಬೈಕಿನ ಮೇಲಿನ ಪ್ರೀತಿ ಕರಗಿಲ್ಲ. ಇನ್ನೊಬ್ಬರು ಹಾಸನದ ಕಡೆ ತೋಟಕ್ಕೆಂದು ಹಳೆಯ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ಮಿನಿ ಟ್ರ್ಯಾಕ್ಟರ್ ಕೊಂಡಿದ್ದಾರೆ. ಅಮೆರಿಕದಲ್ಲಿ 1961ರ ಕಬ್ ಕ್ಯಾಡೆಟ್, 1963ರ ಜಾನ್ ಡೀರ್ 110ರಂಥ ಗಾರ್ಡನ್ ಟ್ರ್ಯಾಕ್ಟರುಗಳನ್ನು ಬಿಚ್ಚಿ ಜೋಡಿಸುವವರ ದೊಡ್ಡ ಬಳಗವೇ ಇದೆ. ನಮ್ಮ ಕರಾವಳಿಯಲ್ಲಿ ಆ ಜಾಗ ಪವರ್ ಟಿಲ್ಲರಿನದು. ನನ್ನದು ಪುತ್ತೂರು ತಾಲ್ಲೂಕಿನ ಅಡಿಕೆ ತೋಟದಲ್ಲಿ ಅಪ್ಪ ನಡೆಸುತ್ತಿದ್ದ ಟಿಲ್ಲರ್.

ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಶುರುವಾಯಿತು. 1973ರಲ್ಲಿ ಕೇರಳದ ಅತ್ತಾಣಿಯಲ್ಲಿ ಸರ್ಕಾರಿ ಸಂಸ್ಥೆ ಕ್ಯಾಮ್ಕೊ ಬಂತು, ಅದರ ಟಿಲ್ಲರ್ ಕುಬೋಟ ತಂತ್ರಜ್ಞಾನದ್ದು. ಅದೇ ವರ್ಷ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಕ್ಯಾಂಪ್ಕೊ ಹುಟ್ಟಿತು. ಈ ಎರಡು ಹೆಸರುಗಳನ್ನು ನಾನು ಚಿಕ್ಕವಳಿದ್ದಾಗ ಒಂದೇ ಎಂದುಕೊಂಡಿದ್ದೆ, ಮನೆಯಲ್ಲಿ ಅಷ್ಟು ಒಟ್ಟಾಗಿ ಕೇಳಿಬರುತ್ತಿದ್ದವು. ಆಗ ಟಿಲ್ಲರ್ ಬಂದದ್ದು ಗದ್ದೆ ಉಳಲು. ಕೇಜ್ ವೀಲ್ ಹಾಕಿ ಕೆಸರಿಗೆ ಇಳಿಸಿದರೆ ನಾಲ್ಕು ಜೋಡಿ ಎತ್ತಿನ ಕೆಲಸ. ಬರಬರುತ್ತ ಗದ್ದೆಗಳು ತೋಟವಾದವು, ಎಷ್ಟೋ ಮನೆಗಳಲ್ಲಿ ಟಿಲ್ಲರ್ ಹಟ್ಟಿಯ ಮೂಲೆ ಸೇರಿ ಅದರ ಮೇಲೆ ಗೋಣಿಚೀಲ, ತೆಂಗಿನ ಮಡಲು ಬಿದ್ದವು. ನಮ್ಮಲ್ಲೂ ಹಾಗೇ ಆಯಿತು. ಅಪ್ಪ ಹೋದ ಮೇಲೆ ಗುಜರಿಯವರು ಹದಿನೆಂಟು ಸಾವಿರಕ್ಕೆ ಕೇಳಿದರು. ಅಮ್ಮ ಫೋನ್ ಮಾಡಿ, "ಕೊಡುದಾ, ಬೇಡವಾ?" ಎಂದರು. ನಾನು ಬೇಡ ಎಂದೆ. ಆ ತೀರ್ಮಾನದ ಹಿಂದೆ ಲೆಕ್ಕವಿರಲಿಲ್ಲ, ಅಪ್ಪ ಇದ್ದರು. ಹವ್ಯಾಸಕ್ಕೆ ಕಾರಣ ಹೃದಯದಲ್ಲಿದ್ದರೆ ತಪ್ಪೇನೂ ಇಲ್ಲ, ಅದರ ಖರ್ಚು ಪುಸ್ತಕದಲ್ಲಿರಬೇಕು, ಅಷ್ಟೇ.

ರಜೆಯಲ್ಲಿ ಹೋದಾಗ ಮೊದಲು ಬಣ್ಣದ ಮಾತೆತ್ತಿದ್ದು ನಾನೇ. ನಮ್ಮ ಮೆಕ್ಯಾನಿಕ್ ಬೀಡಿ ಆರಿಸಿ ಹೇಳಿದ: "ಪೈಂಟ್ ಎಲ್ಲ ಮತ್ತೆ ಅಕ್ಕಾ. ಮೊದಲು ಎಂಜಿನ್ ಬಿಚ್ಚುವ." ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಭಾಗವನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟ. ಒಂದು ಬೇರಿಂಗಿನ ಕಪ್ಪು ಗ್ರೀಸನ್ನು ನಾನು ಬಟ್ಟೆಯಿಂದ ಒರೆಸಿದಾಗ ಉಕ್ಕಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಅಕ್ಷರದಲ್ಲಿ 6205 ಎಂದು ಕಂಡಿತು. ಒಳವ್ಯಾಸ 25 ಮಿಲಿಮೀಟರ್, ಹೊರವ್ಯಾಸ 52, ಅಗಲ 15. ಆ ಅಂಕಿ ಮಂಗಳೂರಿನಲ್ಲೂ ಅದೇ, ದೋಹಾದ ಇಂಡಸ್ಟ್ರಿಯಲ್ ಏರಿಯಾದ ಅಂಗಡಿಯಲ್ಲೂ ಅದೇ, ಜಪಾನಿನಲ್ಲೂ ಅದೇ. ಹಳೆಯ ಯಂತ್ರ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಬೇರಿಂಗ್, ಆಯಿಲ್ ಸೀಲ್, ವಿ-ಬೆಲ್ಟ್, ನಟ್-ಬೋಲ್ಟು ಇವೆಲ್ಲ ಅಳತೆ ಹೇಳಿದರೆ ಎಲ್ಲಿಯಾದರೂ ಸಿಗುವ ವಸ್ತುಗಳು, ಇವು ಎಷ್ಟು ಸವೆದಿದ್ದರೂ ಹೆದರಬೇಕಾಗಿಲ್ಲ. ಗೇರು, ಗೇರ್‌ಬಾಕ್ಸಿನ ಹೌಸಿಂಗ್, ಸಿಲಿಂಡರ್ ಹೆಡ್ ಹಾಗಲ್ಲ. ಅವು ಆ ಮಾಡೆಲಿಗೆ ಮಾತ್ರ. ಅವುಗಳಲ್ಲಿ ಒಂದು ಬಿರುಕು ಬಿಟ್ಟಿದ್ದರೂ ಅಗ್ಗದ ಗಾಡಿ ದುಬಾರಿಯಾಗುತ್ತದೆ. ಮಾರುವವರು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತಾರೆ, ನಾವು ಮಾತ್ರ ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಬೇಕು. ಲೋಹದ ಪುಡಿ ಹೊಳೆದರೆ ಅಲ್ಲಿಂದ ಎದ್ದು ಬರಬೇಕು.

ಬಿಡಿಭಾಗ ಊರಲ್ಲಿ ಕೊಳ್ಳುತ್ತೇನೆ, ಟೂಲ್ ದೋಹಾದಲ್ಲಿ. ಒಳ್ಳೆಯ ಟಾರ್ಕ್ ವ್ರೆಂಚು, ಫೀಲರ್ ಗೇಜು, ಬೇರಿಂಗ್ ಪುಲ್ಲರು ಒಮ್ಮೆ ಕೊಂಡರೆ ಜೀವನಪೂರ್ತಿ ಬರುತ್ತವೆ. ಲೈನರು, ಟಯರಿನಂಥ ಭಾರದ್ದನ್ನು ವಿಮಾನದಲ್ಲಿ ಹೊತ್ತು ತರುವುದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಖರ್ಚು. ಲೈನರ್, ಪಿಸ್ಟನ್, ರಿಂಗು, ಕ್ರ್ಯಾಂಕಿನ ಲೇತ್ ಕೆಲಸ, ಇಂಜೆಕ್ಟರ್ ಮತ್ತು ಪಂಪಿನ ಸರ್ವಿಸ್ ಎಲ್ಲ ಸೇರಿ ಎಂಜಿನ್ನಿಗೇ ಅರ್ಧಕ್ಕಿಂತ ಹೆಚ್ಚು ಹೋಯಿತು. ಎರಡು ಟಯರು, ಬೆಲ್ಟುಗಳು, ರೋಟರಿಯ ಬ್ಲೇಡು, ಸ್ಟೀರಿಂಗ್ ಕ್ಲಚ್ಚಿನ ಕೇಬಲ್ಲು, ಕೂಲಿ ಸೇರಿ ಒಟ್ಟು ಎಪ್ಪತ್ತೈದು ಸಾವಿರದ ಆಸುಪಾಸು. ಬಣ್ಣ ಇದರಲ್ಲಿ ಸೇರಿಲ್ಲ. ಈ ಸ್ಥಿತಿಯಲ್ಲಿ ಮಾರಿದರೆ ನಮ್ಮ ಕಡೆ ಅರವತ್ತು ಸಾವಿರ ಬಂದರೆ ಪುಣ್ಯ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟಯರಿನದು 18ರಿಂದ 5ಕ್ಕೆ ಇಳಿದಿದೆ. ರಿಪೇರಿ ಮಾಡುವವರಿಗೆ ಇದು ಸಿಹಿಸುದ್ದಿ, ರಿಪೇರಿ ಮಾಡಿ ಮಾರುತ್ತೇನೆ ಎನ್ನುವವರಿಗೆ ಅಲ್ಲ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆ ತಾನಾಗಿ ಕೆಳಗೆ ಜಾರುತ್ತದೆ. ಆದ್ದರಿಂದ ಇದು ಹೂಡಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಪ್ಪತ್ಮೂರರಿಂದ ಭಾಗಿಸುವುದನ್ನು ಬಿಟ್ಟು ನಾನು ಹಿಡಿದಿರುವ ಅಳತೆಗೋಲು ಗ್ರಾಚ್ಯುಟಿ. ಕತಾರಿನ 2004ರ 14ನೇ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ನಮ್ಮ ಪಾಲಿಗಿದೆ. ಮೂಲ ವೇತನ ನಾಲ್ಕು ಸಾವಿರ ರಿಯಾಲ್ ಇದ್ದವರಿಗೆ ಅದು ವರ್ಷಕ್ಕೆ ಸುಮಾರು 2,800 ರಿಯಾಲ್. ಅದೇ ಇಪ್ಪತ್ಮೂರರ ದರದಲ್ಲಿ ಅರವತ್ತನಾಲ್ಕು ಸಾವಿರದ ಚಿಲ್ಲರೆ ರೂಪಾಯಿ. ಅಂದರೆ ನನ್ನ ಟಿಲ್ಲರಿನ ರಿಪೇರಿ ಅಂಥವರ ಒಂದು ಇಡೀ ವರ್ಷದ ಗ್ರಾಚ್ಯುಟಿಯನ್ನು ನುಂಗಿ ಇನ್ನೂ ಹತ್ತು ಸಾವಿರ ಕೇಳುತ್ತದೆ. ನಮಗಿಲ್ಲಿ ಪಿಂಚಣಿಯಿಲ್ಲ, ಪಿಎಫ್ ಇಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರು ಕೊನೆಗೆ ಊರಿಗೆ ಒಯ್ಯುವ ದೊಡ್ಡ ಗಂಟು ಅದೊಂದೇ. ಹೀಗೆ ನೋಡಿದ ಮೇಲೆ "ಮೂರು ಸಾವಿರ ರಿಯಾಲ್ ತಾನೇ" ಎಂಬ ಮಾತು ಬಾಯಿಗೆ ಬರುವುದಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ರಿಪೇರಿಯ ಖರ್ಚಿನ ಬಗ್ಗೆ ಅಲ್ಲ. ಅದು ಒಮ್ಮೆ ಮುಗಿಯುತ್ತದೆ. ಹಳೆಯ ಯಂತ್ರ ನಿಜವಾಗಿ ದುಡ್ಡು ತಿನ್ನುವುದು ಸುಮ್ಮನೆ ನಿಂತಾಗ. ನಮ್ಮದು ವರ್ಷಕ್ಕೊಂದು ರಜೆಯ ಜೀವನ. ಉಳಿದ ಹನ್ನೊಂದು ತಿಂಗಳು ಗಾಡಿ ಹಟ್ಟಿಯಲ್ಲಿ. ದಕ್ಷಿಣ ಕನ್ನಡದ ನಾಲ್ಕು ತಿಂಗಳ ಮಳೆಯಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ತೇವ ಹತ್ತಿ ನೀರು ಡೀಸೆಲಿನ ಅಡಿಗೆ ಇಳಿಯುತ್ತದೆ, ಅಲ್ಲಿಂದ ಪಂಪಿಗೆ, ಇಂಜೆಕ್ಟರಿಗೆ. ಹಳೆಯ ಎಂಜಿನ್ ಆಯಿಲಿನಲ್ಲಿರುವ ಆಮ್ಲ ಬೇರಿಂಗಿನ ಮೈಯನ್ನು ತಿನ್ನುತ್ತದೆ. ಲೈನರಿಗೆ ತುಕ್ಕು, ರಬ್ಬರಿಗೆ ಬಿರುಕು, ಹೋಸಿಗೆ ಇಲಿಯ ಹಲ್ಲು. ಓಡಿಸಿ ಸವೆದದ್ದಕ್ಕಿಂತ ನಿಂತು ಹಾಳಾದದ್ದಕ್ಕೆ ಜಾಸ್ತಿ ಖರ್ಚು ಎಂಬುದು ಯಾವ ಮೆಕ್ಯಾನಿಕ್ಕಿಗೂ ಗೊತ್ತು.

ಅಲ್ ಶಹಾನಿಯಾದ ಶೇಖ್ ಫೈಸಲ್ ಮ್ಯೂಸಿಯಮ್ಮಿಗೆ ಹೋದವರಿಗೆ ಸಾಲುಸಾಲು ಹಳೆಯ ಕಾರುಗಳ ನೆನಪಿರಬಹುದು. ನನಗೆ ಬಹಳ ಇಷ್ಟದ ಜಾಗ ಅದು. ಅಷ್ಟು ಗಾಡಿಗಳನ್ನು ತಂಪಾದ ಒಣ ಕಟ್ಟಡದಲ್ಲಿ, ನೋಡಿಕೊಳ್ಳಲು ಜನರನ್ನಿಟ್ಟು ನಿಲ್ಲಿಸುವ ಶಕ್ತಿ ಅವರಿಗಿದೆ. ಸಂಬಳದವರಿಗೆ ನಿಲ್ಲಿಸಿಡುವ ಹವ್ಯಾಸ ಎಟುಕುವುದಿಲ್ಲ. ನಮ್ಮದು ಓಡಬೇಕು.

ಎಷ್ಟು ಓಡಬೇಕೆಂದು ಒಂದು ಲೆಕ್ಕ ಹಾಕಿದೆ. ಎಪ್ಪತ್ತೈದು ಸಾವಿರವನ್ನು ಎನ್‌ಆರ್‌ಇ ಠೇವಣಿಯಲ್ಲಿ ಇಟ್ಟು ಶೇಕಡ ಏಳು ಸಿಕ್ಕಿದರೆ ವರ್ಷಕ್ಕೆ 5,250 ರೂಪಾಯಿ ಬಡ್ಡಿ, ಅದಕ್ಕೆ ಭಾರತದಲ್ಲಿ ತೆರಿಗೆಯೂ ಇಲ್ಲ. ಆ ಬಡ್ಡಿ ನಾನು ಬಿಟ್ಟುಕೊಟ್ಟದ್ದು. ಆಯಿಲು, ಫಿಲ್ಟರು, ಬೆಲ್ಟು, ಸಣ್ಣಪುಟ್ಟ ರಿಪೇರಿಗೆ ಇನ್ನೊಂದು ಎಂಟು ಸಾವಿರ. ಒಟ್ಟು ವರ್ಷಕ್ಕೆ ಹದಿಮೂರು ಸಾವಿರದಷ್ಟು ಆಯಿತು. ಬಾಡಿಗೆ ಟಿಲ್ಲರ್ ಕರೆಸಿದರೆ ಗಂಟೆಗೆ ಐನೂರು ಎಂದಿಟ್ಟುಕೊಳ್ಳಿ, ಡೀಸೆಲ್ ಮತ್ತು ಆಳಿನ ಕೂಲಿ ಕಳೆದರೆ ಇನ್ನೂರೈವತ್ತು ಉಳಿತಾಯ. ಐವತ್ತೆರಡು ಗಂಟೆ ಕೆಲಸವಾದರೆ ಹವ್ಯಾಸದ ಖರ್ಚು ಹುಟ್ಟುತ್ತದೆ. ವಾರಕ್ಕೆ ಒಂದು ಗಂಟೆ! ಗೊಬ್ಬರ ಸಾಗಿಸುವುದು, ಸೊಪ್ಪು ತರುವುದು, ಕೊಯ್ದ ಅಡಿಕೆಯನ್ನು ಅಂಗಳಕ್ಕೆ ಹಾಕುವುದು, ತೆಂಗಿನಕಾಯಿ ಹೊರುವುದು ಇಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಎಂಜಿನ್ನಿಗೂ ಬೇಕಾದದ್ದು ಅಷ್ಟೇ, ವಾರಕ್ಕೊಮ್ಮೆ ಬಿಸಿಯಾಗುವುದು.

ಆದರೆ ಓಡಿಸುವವರು ಯಾರು? ಅಮ್ಮನ ಕೈಯಲ್ಲಿ ಆಗದು. ಇಲ್ಲಿ ಗಲ್ಫಿನವರು ಸಾಮಾನ್ಯವಾಗಿ ಮಾಡುವುದು ಬೀಗ ಹಾಕಿ ಬರುವುದು, "ಯಾರಿಗೂ ಕೊಡಬೇಡಿ, ಹಾಳು ಮಾಡುತ್ತಾರೆ" ಎಂದು ಮನೆಯವರಿಗೆ ಎಚ್ಚರಿಕೆ ಹೇಳಿ ಬರುವುದು. ನಾನು ಪಕ್ಕದ ತೋಟದ ಅಣ್ಣನಿಗೆ ಕೀಲಿ ಕೊಟ್ಟೆ. ಬಾಡಿಗೆ ಇಲ್ಲ. ಅವರ ಕೆಲಸಕ್ಕೂ ಬಳಸಬಹುದು, ನಮ್ಮ ತೋಟದ ಕೆಲಸವೂ ಆಗಬೇಕು. ಅವರ ಕೆಲಸದ ಡೀಸೆಲ್ ಅವರದ್ದು. ಆಯಿಲ್ ಬದಲಾವಣೆ ಗಂಟೆಯ ಲೆಕ್ಕದಲ್ಲಿ, ದುಡ್ಡು ನನ್ನದು. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಪೂರ್ತಿ ತುಂಬಿಸಬೇಕು. ಹಟ್ಟಿಯ ಕಂಬಕ್ಕೆ ನೂಲಿನಲ್ಲಿ ಕಟ್ಟಿದ ಒಂದು ನೋಟ್‌ಪುಸ್ತಕದಲ್ಲಿ ತಾರೀಕು, ಗಂಟೆ, ಕೆಲಸ ಬರೆಯಬೇಕು. ರಸ್ತೆಗೆ ಇಳಿಸುವಂತಿಲ್ಲ.

ಅವರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಟಿಲ್ಲರಿಗೆ ಸ್ಟೀರಿಂಗ್ ಚಕ್ರವಿಲ್ಲ, ಹ್ಯಾಂಡಲಿನ ಕೆಳಗೆ ಎರಡು ಕ್ಲಚ್ ಇವೆ. ಸಮತಟ್ಟಿನಲ್ಲಿ ಎಡಗಡೆಯದನ್ನು ಹಿಡಿದರೆ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಗಾಡಿ ತನ್ನ ಭಾರಕ್ಕೇ ಓಡುವಾಗ ಅದೇ ಎಡಗಡೆಯ ಕ್ಲಚ್ ಹಿಡಿದರೆ ಬಲಕ್ಕೆ ಹೊರಳುತ್ತದೆ, ಯಾಕೆಂದರೆ ಎಂಜಿನ್ ಹಿಡಿದಿಟ್ಟುಕೊಂಡ ಚಕ್ರ ನಿಧಾನವಾಗಿ, ಬಿಟ್ಟುಕೊಟ್ಟ ಚಕ್ರ ಮುಂದೆ ಓಡುತ್ತದೆ. ಗುಡ್ಡೆಯಿಂದ ತೋಟಕ್ಕೆ ಇಳಿಯುವ ನಮ್ಮ ದಾರಿಗಳಲ್ಲಿ ಇದು ಗೊತ್ತಿಲ್ಲದವರ ಕೈಗೆ ಟಿಲ್ಲರ್ ಕೊಡುವುದು ಪ್ರಾಣಕ್ಕೇ ಅಪಾಯ. ಪಕ್ಕದ ಅಣ್ಣ ಅಪ್ಪನ ಕಾಲದಿಂದ ಅದನ್ನು ಇಳಿಸಿದವರು. ನುರಿತ ಕೈ ಸಿಗದಿದ್ದರೆ ಮಾರಿಬಿಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಡಿಗೆ ಯಾಕೆ ಬೇಡವೆಂದೆ ಎಂದು ನೀವು ಕೇಳಬಹುದು. ಬೇರೆಯವರ ಜಮೀನಿನಲ್ಲಿ ದುಡಿದ ಯಂತ್ರದ ಬಾಡಿಗೆ ಕೃಷಿ ಆದಾಯವಲ್ಲ, ನಮ್ಮ ಅಡಿಕೆಯ ಹಣಕ್ಕಿರುವ ವಿನಾಯಿತಿ ಅದಕ್ಕಿಲ್ಲ. ಊರಲ್ಲಿ ಹುಟ್ಟಿದ ಆ ಹಣವನ್ನು ಎನ್‌ಆರ್‌ಒ ಖಾತೆಗೆ ಹಾಕಿ, ಲೆಕ್ಕ ಇಡಬೇಕು. ವರ್ಷಕ್ಕೆ ನಾಲ್ಕೈದು ಸಾವಿರಕ್ಕೆ ಅಷ್ಟು ರಗಳೆ ಬೇಡ. ಅದಕ್ಕಿಂತ ಓಡುವ ಎಂಜಿನ್ ನನಗೆ ಹೆಚ್ಚು ಬೆಲೆಯದು.

ಟಿಲ್ಲರಿಗಿಂತ ದೊಡ್ಡದಕ್ಕೆ, ಮಿನಿ ಟ್ರ್ಯಾಕ್ಟರಿಗೆ, ಕೈ ಹಾಕುವವರು ಆರ್‌ಸಿ ನೋಡದೆ ಮುಂಗಡ ಕೊಡಬೇಡಿ. ನೋಂದಣಿಗೆ ಹದಿನೈದು ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟು ಬ್ಯಾಂಕ್ ಸಾಲದಲ್ಲಿ ಕೊಂಡವು. ಸಾಲ ತೀರಿ ಎಷ್ಟೋ ಕಾಲವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೈಪೋಥಿಕೇಶನ್ ಹಾಗೇ ಕೂತಿರುತ್ತದೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಮಾರುವವರೇ ತರಬೇಕು, ಆಮೇಲೆ ಹಣ.

ಇನ್ನೊಂದು ಮಾತು, ಇದು ಯಂತ್ರಕ್ಕಿಂತ ದೊಡ್ಡದು. ಇಲ್ಲಿ ಕೆಲವು ಹುಡುಗರು ಮೊದಲು ಹಳೆಯ ಟ್ರ್ಯಾಕ್ಟರ್, ಆಮೇಲೆ ಎರಡೆಕರೆ ಜಾಗ ಎಂದು ಯೋಜನೆ ಹಾಕುತ್ತಾರೆ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದು ಎಂದು ಕೇಳಿರುತ್ತಾರೆ. ಆದರೆ ಅನಿವಾಸಿಗಳಿಗೆ ವಿದೇಶಿ ವಿನಿಮಯ ಕಾನೂನು ಫೆಮಾದ ನಿಯಮ ಬೇರೆಯೇ ಇದೆ, ನಾವು ಕೃಷಿಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ನೆಲ ಇರುವವರು, ಅಥವಾ ನೆಲವಿರುವ ಮನೆಯವರು ಒಪ್ಪಿದವರು ಮಾತ್ರ ಈ ಹವ್ಯಾಸಕ್ಕೆ ಇಳಿಯಿರಿ. ಉಳಲು ಜಾಗವಿಲ್ಲದ ಟ್ರ್ಯಾಕ್ಟರಿಗೆ ನಾನು ಮೇಲೆ ಹೇಳಿದ ನಿಲ್ಲಿಸಿಡುವ ಖರ್ಚು ಮೊದಲ ದಿನದಿಂದಲೇ ಶುರು.

ನನ್ನ ಹವ್ಯಾಸದ ಹಣ ಈಗ ಬೇರೆ ಖಾತೆಯಲ್ಲಿದೆ. ಪ್ರತಿ ತಿಂಗಳು ಸಂಬಳ ಬಂದ ದಿನ ಮನೆಗೆ, ಠೇವಣಿಗೆ ಹೋದ ಮೇಲೆ ಐವತ್ತು ರಿಯಾಲ್ ಅದಕ್ಕೆ ಸೇರುತ್ತದೆ. ವರ್ಷಕ್ಕೆ ಹದಿಮೂರು, ಹದಿನಾಲ್ಕು ಸಾವಿರ ರೂಪಾಯಿ, ಟಿಲ್ಲರ್ ಕೇಳುವಷ್ಟೇ. ಪಕ್ಕದ ಅಣ್ಣ ಮೊನ್ನೆ ಪುಸ್ತಕದ ಪುಟದ ಫೋಟೊ ಕಳಿಸಿದ್ದರು, ಟ್ರೈಲರಿನ ಬಲಗಡೆಯ ಚಕ್ರದಲ್ಲಿ ಸದ್ದು ಎಂದು ಕೆಳಗೆ ಬರೆದಿದ್ದರು. ಬೇರಿಂಗ್ ನಂಬರ್ ನೋಡಿ ಹೇಳಿ ಅಣ್ಣಾ, ಈ ಸಲ ಬರುವಾಗ ಪುಲ್ಲರ್ ತರುತ್ತೇನೆ ಎಂದಿದ್ದೇನೆ. ಬಾನೆಟ್ಟಿನ ಬಣ್ಣಕ್ಕೆ ಈ ವರ್ಷದ ಖಾತೆಯಲ್ಲಿ ದುಡ್ಡು ಉಳಿಯುವುದಿಲ್ಲ, ಮುಂದಿನ ವರ್ಷ ನೋಡೋಣ.