ಫೈರ್‌ವಾಲ್ ಕೊಳ್ಳುವ ಮುನ್ನ

ತಮ್ಮಾ, ಹೈದರಾಬಾದಿನ ಕುಷಾಯಿಗೂಡದಲ್ಲಿ ಶೆಡ್ ಹಿಡಿದು ಸಿಎನ್‌ಸಿ ಯಂತ್ರ ಕೂರಿಸಿದ್ದೀಯ, ಬಹಳ ಸಂತೋಷ. ಎ.ಎಸ್. ರಾವ್ ಅವರು 1967ರಲ್ಲಿ ಕಟ್ಟಿ ಬೆಳೆಸಿದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಪಕ್ಕದಲ್ಲೇ ಇದೆ. ಕಸುಬಿಗೆ ಒಳ್ಳೆಯ ಜಾಗ. ಯಾವ ಫೈರ್‌ವಾಲ್ ಕೊಳ್ಳಲಿ ಎಂದು ಕೇಳಿದೆ. ಕಂಪನಿ ಹೆಸರು ಆಮೇಲೆ. ಮೊದಲು ನಿನ್ನ ರೂಟರಿನ ಸೆಟ್ಟಿಂಗ್ ತೆರೆದು ನೋಡು.

ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ 3389 ಕಂಡಿತೋ, ಲೆಕ್ಕ ಬರೆಯುವವರು ಮನೆಯಿಂದಲೇ ಟ್ಯಾಲಿ ನೋಡಲಿ ಎಂದು ಯಾರೋ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಿಟ್ಟಿದ್ದಾರೆ. ಕಳ್ಳರ ಪ್ರೋಗ್ರಾಮುಗಳು ಹಗಲಿರುಳೂ ಆ ಪೋರ್ಟ್ ಹುಡುಕುತ್ತ, ಪಾಸ್‌ವರ್ಡ್ ಊಹಿಸುತ್ತಲೇ ಇರುತ್ತವೆ. ಆ ಸಾಲನ್ನು ಇವತ್ತೇ ಅಳಿಸು. ಲೆಕ್ಕದವರು ವಿಪಿಎನ್ ಮೂಲಕ ಬರಲಿ. ಆ ಸಾಲು ಹಾಗೇ ಉಳಿದರೆ ಎಷ್ಟು ದುಬಾರಿ ಫೈರ್‌ವಾಲ್ ತಂದರೂ ದುಡ್ಡು ದಂಡ.

ಒಂದೊಂದು ಕಂಪ್ಯೂಟರಿಗೂ ಬೇರೆ ಫೈರ್‌ವಾಲ್ ಬೇಕಿಲ್ಲ. 2004ರಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಈಚೆಗೆ ವಿಂಡೋಸಿನದು ತಾನಾಗಿಯೇ ಆನ್ ಇರುತ್ತದೆ. ಪ್ರಿಂಟರ್ ಸಿಗುತ್ತಿಲ್ಲ ಎಂದು ನಮ್ಮವರೇ ಆಫ್ ಮಾಡಿ ಮರೆತುಬಿಡುತ್ತಾರೆ. ಪುಕ್ಕಟೆ ಸಿಕ್ಕಿತೆಂದು ಕ್ರ್ಯಾಕ್ ಮಾಡಿದ ಫೈರ್‌ವಾಲ್ ಸಾಫ್ಟ್‌ವೇರ್ ಮಾತ್ರ ಹಾಕಬೇಡ. ಬೇಲಿಯೇ ಎದ್ದು ಹೊಲ ಮೇಯ್ದಂತಾದೀತು.

ನಿಜವಾಗಿ ಹಣ ಹಾಕಬೇಕಾದದ್ದು ನೆಟ್‌ವರ್ಕನ್ನು ಬೇರ್ಪಡಿಸುವುದಕ್ಕೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಐದು ಸರ್ವರುಗಳ ದತ್ತಾಂಶಕ್ಕೆ ದುಷ್ಕರ್ಮಿಗಳು ಬೀಗ ಹಾಕಿಟ್ಟರು. ಅಷ್ಟು ದೊಡ್ಡ ಆಸ್ಪತ್ರೆ ಪೆನ್ನು ಕಾಗದ ಹಿಡಿಯಬೇಕಾಯಿತು. ನೆಟ್‌ವರ್ಕ್ ಸರಿಯಾಗಿ ವಿಭಾಗಿಸದೇ ಇದ್ದದ್ದೇ ಕಾರಣವೆಂದು ಸರ್ಕಾರ ಸಂಸತ್ತಿಗೆ ಹೇಳಿತು. ನಿನ್ನ ಶೆಡ್ಡಿನಲ್ಲೂ ಹಳೆಯ ವಿಂಡೋಸಿನ ಸಿಎನ್‌ಸಿ, ಸಿಸಿಟಿವಿಯ ಡಿವಿಆರ್, ಬಿಲ್ಲಿಂಗ್ ಕಂಪ್ಯೂಟರ್ ಮೂರೂ ಒಂದೇ ಸ್ವಿಚ್ಚಿನಲ್ಲಿವೆ. ಯಂತ್ರಕ್ಕೆ ಅಪ್‌ಡೇಟ್ ಸಿಗದು. ಹಾಗಾಗಿ ಅದನ್ನು ಇಂಟರ್ನೆಟ್ಟಿನಿಂದ ದೂರವೇ ಇಡಬೇಕು. ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್‌ನಂಥ ಫೈರ್‌ವಾಲ್ ಸಾಫ್ಟ್‌ವೇರುಗಳು ಉಚಿತ. ಎರಡು ನೆಟ್‌ವರ್ಕ್ ಕಾರ್ಡಿನ ಹಳೆಯ ಪಿಸಿಯಲ್ಲೂ ನಡೆಯುತ್ತವೆ, ನೆಟ್‌ವರ್ಕನ್ನು ಭಾಗ ಮಾಡುವ ವಿಎಲ್ಯಾನ್ ತಿಳಿಯುವ ಸ್ವಿಚ್ ಒಂದು ಜೊತೆಗಿರಲಿ. ಕಲಿಯಲು ಪುರುಸೊತ್ತಿಲ್ಲದಿದ್ದರೆ ಸಿದ್ಧ ಫೈರ್‌ವಾಲ್ ಡಬ್ಬಿಯನ್ನೇ ಕೊಳ್ಳು, ತಪ್ಪಿಲ್ಲ.

ಆದರೆ ಡೀಲರನ್ನು ಬಿಡದೆ ಕೇಳು: ಲೈಸೆನ್ಸ್ ಮುಗಿದ ಮೇಲೆ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ? ನಿಯಮಗಳ ಪಟ್ಟಿ ತೆರೆದು ಒಂದೊಂದು ಸಾಲೂ ಏಕಿದೆ ಎಂದು ವಿವರಿಸಲಾರದವನ ಬಳಿ ವ್ಯಾಪಾರ ಬೇಡ. ಅಡ್ಮಿನ್ ಪಾಸ್‌ವರ್ಡ್ ನಿನ್ನ ಕೈಯಲ್ಲಿರಲಿ. ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶಿಸಿದೆ. ಅಷ್ಟಕ್ಕೆ ಜಾಗವಿದೆಯೇ ಎಂದು ಬಿಲ್ಲು ಮಾಡಿಸುವ ಮೊದಲೇ ನೋಡಿಕೋ.