ಅಳತೆ ಕೇಳಿದರು, ಪಾತ್ರೆ ಕೇಳಲಿಲ್ಲ

ನಮ್ಮ ಕಟ್ಟಡದಲ್ಲಿ ನಾಲ್ಕು ಮನೆ. ಶನಿವಾರ ರಾತ್ರಿ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ತಾರಸಿಗೆ ಬರುತ್ತೇವೆ. ಮೇಲಿನ ಮನೆಯವರು ಶಿರಸಿ ಕಡೆಯವರು, ಎದುರು ಮನೆ ಧಾರವಾಡ, ಕೆಳಗಿನವರು ಮಂಡ್ಯ. ನಾನು ಮೈಸೂರಿನವಳು. ಮಾತು ಶುರುವಾಗುವುದು ರುಚಿಯಿಂದ, ಮುಗಿಯುವುದು ಮಾತ್ರ ಪಾತ್ರೆಯಲ್ಲಿ.

1. ಶಿರಸಿಯ ಅಕ್ಕನ ಹಾಗಲಕಾಯಿ ಮೆಣಸ್ಕಾಯಿಯನ್ನು ಹುಣಿಸೆ, ಬೆಲ್ಲ, ಎಳ್ಳಿನ ಅಳತೆ ಸಮೇತ ಬರೆದುಕೊಂಡು ಬಂದು ಮೂರು ಸಲ ಮಾಡಿದೆ. ಮೂರು ಸಲವೂ ಹುಣಿಸೆಯ ಹಸಿ ವಾಸನೆ. ನಾಲ್ಕನೆಯ ಸಲ ಅವರ ಅಡುಗೆಮನೆಯಲ್ಲೇ ನಿಂತು ನೋಡಿದೆ. ಅವರದು ಬಳಪದ ಕಲ್ಲಿನ ಪಾತ್ರೆ, ನಾವು ಕಲ್ಚಟ್ಟಿ ಅನ್ನುತ್ತೇವಲ್ಲ, ಅದೇ. ಒಲೆ ಆರಿಸಿದ ಮೇಲೂ ಅದು ಕುದಿಯುತ್ತಲೇ ಇತ್ತು! ಉಳಿದ ಬೇಯುವಿಕೆಯನ್ನೆಲ್ಲ ಕಲ್ಲೇ ಮುಗಿಸುತ್ತಿತ್ತು. ನಾನು ಸ್ಟೀಲ್ ಪಾತ್ರೆ ಇಟ್ಟುಕೊಂಡು ಅವರು ಹೇಳಿದ ಹೊತ್ತಿಗೇ ಆರಿಸುತ್ತಿದ್ದೆ. ಅಂದಿನಿಂದ ಯಾರ ಹತ್ತಿರ ಅಡುಗೆ ಕೇಳಿದರೂ ಮೊದಲ ಪ್ರಶ್ನೆ, "ಯಾವುದರಲ್ಲಿ ಮಾಡಿದಿರಿ?"

ಹೊಸ ಕಲ್ಚಟ್ಟಿಯನ್ನು ತಂದ ದಿನವೇ ಒಲೆಗೇರಿಸಬೇಡಿ. ಎಣ್ಣೆ ಅರಿಶಿನ ಸವರಿಡಿ, ಕೆಲವು ದಿನ ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ಸಣ್ಣ ಉರಿಯಲ್ಲಿ ಕಾಯಿಸಿ ಪಳಗಿಸಿ. ಬಿಸಿ ಕಲ್ಲಿಗೆ ತಣ್ಣೀರು ಸುರಿದು ಒಂದನ್ನು ನಾನೇ ಸೀಳಿಸಿದ್ದೇನೆ. ಟಪ್ ಎಂದ ಆ ಸದ್ದು ಇನ್ನೂ ಕಿವಿಯಲ್ಲಿದೆ.

2. ದೋಸೆ ಕಾವಲಿಯಲ್ಲಿ ಚಪಾತಿ ಬೇಡ. ಎಣ್ಣೆ ಕಾದು ಕಾದು ಕಬ್ಬಿಣದ ಮೇಲೆ ಕಪ್ಪು ಪದರವಾಗಿ ಕೂತಿರುತ್ತದೆ, ದೋಸೆ ಏಳುವುದು ಅದರಿಂದ. ಚಪಾತಿಯ ಒಣ ಉರಿ ಅದನ್ನು ಸುಡುತ್ತದೆ, ಸಬೀನ ಹಾಕಿ ಉಜ್ಜಿದರೆ ಉಳಿದದ್ದೂ ಹೋಗುತ್ತದೆ. ಊರಿಂದ ಬಂದ ನೆಂಟರೊಬ್ಬರು ಉಪಕಾರ ಮಾಡಲು ಹೋಗಿ ನನ್ನ ಕಾವಲಿಯನ್ನು ಬೆಳ್ಳಿಯಂತೆ ತಿಕ್ಕಿಟ್ಟರು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರುತ್ತ ದಾರಿಗೆ ತರುವುದಕ್ಕೆ ಒಂದು ತಿಂಗಳು ಹಿಡಿಯಿತು. ನೀರು ಚಿಮುಕಿಸಿದರೆ ಹನಿ ಅಂಟದೆ ಉರುಳಾಡಬೇಕು, ಆಮೇಲೆ ಉರಿ ತಗ್ಗಿಸಿ ಹಿಟ್ಟು ಹುಯ್ಯಿ.

ಧಾರವಾಡದವರಿಗೆ ಇದೆಲ್ಲ ನಗು. ಅವರ ಹಂಚಿಗೆ ಎಣ್ಣೆಯೇ ಬೇಡ. ಜೋಳದ ರೊಟ್ಟಿಯ ಮೇಲೆ ನೀರು ಸವರಿ ತಿರುವಿದರೆ ಸಾಕು, ಉಬ್ಬುತ್ತದೆ.

3. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಇಡಬೇಡಿ. ಅಜ್ಜಿಯ ಪಾತ್ರೆಯೆಂಬ ಮೋಹಕ್ಕೆ ಟೊಮೆಟೊ ಸಾರು ಮಾಡಿ ಅದರಲ್ಲೇ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಿಲುಬು, ಇಡೀ ಪಾತ್ರೆ ಸಾರು ಮೋರಿಗೆ. ಕಲಾಯಿ ಎಂದರೆ ತವರದ ತೆಳು ಪದರ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಾಗಾಗಿ ಬರಿ ಪಾತ್ರೆಯನ್ನು ಉರಿಯ ಮೇಲೆ ಮರೆತರೂ ಕಲಾಯಿ ಹಾಳು. ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಲಾಯಿಯವರು ಈಗ ಅಪರೂಪ. ಸಿಕ್ಕಾಗ ಎಲ್ಲ ಪಾತ್ರೆಗೂ ಒಟ್ಟಿಗೆ ಹಾಕಿಸಿಬಿಡಿ.

4. ಕುಕ್ಕರಿಗೆ ಬೇಳೆ ಹಾಕಿದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಒಂದು ಚಮಚ ಎಣ್ಣೆ ಬಿಡಿ. ನೊರೆ ಏರಿ ವಿಷಲ್ಲಿನ ತೂತು ಕಟ್ಟಿಕೊಳ್ಳುವ ಅಪಾಯ ಕಡಿಮೆ.

5. ನಾನ್‌ಸ್ಟಿಕ್ ಬಗ್ಗೆ ನಮ್ಮಲ್ಲಿ ಜಗಳ ಮುಗಿದಿಲ್ಲ. ಬರಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಬಾರದು ಎಂಬುದಷ್ಟಕ್ಕೆ ನಾಲ್ಕೂ ಮನೆಯ ಒಪ್ಪಿಗೆ ಇದೆ.

6. ಮುದ್ದೆಗೆ ತೂಕದ ಪಾತ್ರೆಯೇ ಬೇಕು. ಮಂಡ್ಯದವರು ಕೋಲು ಹಾಕಿ ತಿರುವುವಾಗ ಅವರ ದಪ್ಪ ತಳದ ಪಾತ್ರೆ ಅಲುಗುವುದಿಲ್ಲ. ನನ್ನ ತೆಳು ಪಾತ್ರೆ ಕೋಲಿನ ಜೊತೆ ತಾನೂ ಗಿರ್ರೆಂದು ಸುತ್ತಿತು, ತಳ ಸೀದಿತು, ಒಳಗೆಲ್ಲ ಗಂಟು.

7. ಇಂಡಕ್ಷನ್ ಒಲೆಯವರು ಪಾತ್ರೆ ಅಂಗಡಿಗೆ ಒಂದು ಅಯಸ್ಕಾಂತ ಒಯ್ಯಿರಿ. ತಳಕ್ಕೆ ಅಂಟಿದರೆ ಕೊಳ್ಳಿ. ಬರಿ ಅಲ್ಯೂಮಿನಿಯಂ, ಹಿತ್ತಾಳೆ, ಕಲ್ಲು ಅದರ ಮೇಲೆ ಕಾಯುವುದಿಲ್ಲ. ಕಬ್ಬಿಣದ ಕಾವಲಿ ತಳ ಸಮವಾಗಿದ್ದರೆ ಕಾಯುತ್ತದೆ.

8. ಪಾತ್ರೆಯ ಮೇಲೆ ಹೆಸರು ಕೆತ್ತಿಸಿ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬೇಡಿ, ಒಂದು ಚಮಚ ಸಕ್ಕರೆಯಾದರೂ ಇರಲಿ. ಕೆಳಗಿನ ಮನೆಯ ಡಬ್ಬಿಯೊಂದು ಮೂರು ವಾರದಿಂದ ನನ್ನಲ್ಲೇ ಇದೆ. ಈ ಶನಿವಾರ ಅದರಲ್ಲಿ ಗೊಜ್ಜವಲಕ್ಕಿ ಹೋಗುತ್ತದೆ.